ಮರದ ಅಡುಗೆ ಕಟ್ಟೆ ಸುಡದ ಹಾಗೆ ಏನು ಹಚ್ಚುವುದು?

ಹಲಸಿನಕಟ್ಟೆ:

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ನಮ್ಮ ಹಳೇ ಮನೆ. ಹೋದ ವರ್ಷ ಅಡುಗೆಮನೆ ಬಿಚ್ಚಿ ಹೊಸದಾಗಿ ಮಾಡಿಸಿದೆವು. ಅಟ್ಟಕ್ಕೆ ಹಾಕಿದ್ದ ಹಲಸಿನ ಹಲಗೆಗಳು ಇನ್ನೂ ಗಟ್ಟಿಯಾಗಿದ್ದವು. ಒಂದು ಹುಳ ಇಲ್ಲ. ಬಿಸಾಡಲು ಮನಸ್ಸು ಬರಲಿಲ್ಲ. ಅವನ್ನೇ ಜೋಡಿಸಿ ಏಳು ಅಡಿ ಉದ್ದ, ಎರಡು ಅಡಿ ಅಗಲ, 40 ಮಿಲಿಮೀಟರ್ ದಪ್ಪದ ಅಡುಗೆ ಕಟ್ಟೆ ಮಾಡಿಸಿದೆ. ಮೇಲೆ ಪಾಲಿಶ್ ಬೇಡ ಎಂದು ಕೊಬ್ಬರಿ ಎಣ್ಣೆ, ಜೇನುಮೇಣ ಹಚ್ಚಿದ್ದಷ್ಟೆ. ನೋಡಲು ಚಂದ ಇತ್ತು. 'ಇತ್ತು' ಎಂದೇ ಹೇಳಬೇಕು.

ಯುಗಾದಿ ಬಂತು. ಅಮ್ಮ, ಅತ್ತಿಗೆ ಸೇರಿ ನೂರರ ಮೇಲೆ ಹೋಳಿಗೆ ಬೇಯಿಸಿದರು. ಕೊನೆಗೆ ಕಬ್ಬಿಣದ ಕಾವಲಿಯನ್ನು ಒಲೆಯಿಂದ ಇಳಿಸಿ ಪಕ್ಕದಲ್ಲೇ ಮರದ ಮೇಲೆ ಇಟ್ಟರು. ಸಂಜೆ ನೋಡಿದರೆ ಗ್ರಹಣ ಹಿಡಿದ ಹಾಗೆ ಕಪ್ಪು ಉಂಗುರ. ಆಮೇಲೆ ಸರಿಯಾಗಿ ನೋಡಿದರೆ ಸಿಂಕ್ ಪಕ್ಕವೂ ಅಂಥದ್ದೇ ಇನ್ನೊಂದು. ಅದನ್ನು ಯಾರು ಮಾಡಿದರು ಎಂದು ಮನೆಯಲ್ಲಿ ಯಾರೂ ಒಪ್ಪುತ್ತಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಬಿಸಿ ತಡೆಯುವ ಪಾಲಿಶ್, ಎಣ್ಣೆ, ಲೇಪ ಏನಾದರೂ ಇದೆಯಾ? ಹೆಂಡತಿ ಗ್ರಾನೈಟ್ ಹಾಕಿಸಿ ಮುಗಿಸಿ ಎನ್ನುತ್ತಿದ್ದಾಳೆ. ಅಪ್ಪ ಮಾತೇ ಆಡುತ್ತಿಲ್ಲ. ಹಲಗೆ ಅವರ ಅಜ್ಜ ಕೊಯ್ಯಿಸಿದ್ದು.

ಮೂರನೇಮಹಡಿ:

ಹೆಂಡತಿ ಮಾತು ಕೇಳಿ ಸರ್. ಬೆಂಗಳೂರು ಹತ್ತಿರದ ಜಿಗಣಿಗೆ ಹೋದರೆ ಬೇಕಾದ ಬಣ್ಣದ ಗ್ರಾನೈಟ್ ಸಿಗುತ್ತದೆ. ಬಿಸಿ ಕುಕ್ಕರ್ ಇಡಿ, ಕಾವಲಿ ಇಡಿ, ಏನೂ ಆಗಲ್ಲ.

ಕಡಲಕರೆ:

ಮಾರಾಯ್ರೆ, ಅವರು ಕೇಳಿದ್ದು ಮರ ಉಳಿಸುವುದು ಹೇಗೆ ಎಂದು. ತಲೆನೋವು ಎಂದರೆ ತಲೆ ತೆಗೆಯಿರಿ ಎನ್ನುವವರೇ ಎಲ್ಲ ಕಡೆ!

ಕೀಸುಳಿ:

ನಮ್ಮದು ಎರಡು ತಲೆಮಾರಿನ ಮರಗೆಲಸ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬಿಸಿ ಕಾವಲಿಯನ್ನು ತಡೆಯುವ ಪಾಲಿಶ್ ಇಲ್ಲ. ಅಂಗಡಿಯವರು 'ಹೀಟ್ ಪ್ರೂಫ್' ಎಂದು ಡಬ್ಬಿ ಕೊಟ್ಟರೆ ಅದು ಕಾಫಿ ಲೋಟದ ಬಿಸಿಗೆ ಆಗಬಹುದು. ಹೋಳಿಗೆ ಕಾವಲಿಗೆ ಅಲ್ಲ.

ಯಾಕೆ ಎಂದರೆ ಪಾಲಿಶ್ ಎನ್ನುವುದು ಮರಕ್ಕಿಂತ ಮೊದಲು ಸೋಲುತ್ತದೆ. ಜೇನುಮೇಣ 62-64 ಡಿಗ್ರಿಗೇ ಕರಗುತ್ತದೆ. ನಿಮ್ಮ ಕಟ್ಟೆ ಮೇಲೆ ಬಿಸಿ ಟೀ ಪಾತ್ರೆ ಇಟ್ಟರೂ ಮೇಣ ಅತ್ತಿತ್ತ ಸರಿದು ಗುರುತು ಬೀಳುತ್ತದೆ. ಫ್ರೆಂಚ್ ಪಾಲಿಶ್ ಎಂದರೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ್ದು. ಚನ್ನಪಟ್ಟಣದಲ್ಲಿ ಗೊಂಬೆಗೆ ಬಣ್ಣ ಹಾಕುವುದನ್ನು ನೋಡಿದ್ದೀರಾ? ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜುವ ಬಿಸಿಗೇ ಅದು ಕರಗಿ ಮರಕ್ಕೆ ಕೂರುತ್ತದೆ. ಅಷ್ಟು ಬಿಸಿಗೆ ಕರಗುವ ಅರಗು ಒಲೆ ಪಕ್ಕ ಏನು ಮಾಡೀತು? ಗೊಂಬೆಗೆ, ತೊಟ್ಟಿಲಿಗೆ ಸರಿ. ಅಡುಗೆ ಕಟ್ಟೆಗೆ ಬೇಡವೇ ಬೇಡ.

ಪಿಯು (ಪಾಲಿಯುರೆಥೇನ್) ಪಾಲಿಶ್ ಇವೆಲ್ಲಕ್ಕಿಂತ ಗಟ್ಟಿ, ನೀರಿಗೆ ಒಳ್ಳೆಯದು. ಆದರೆ ಅದೂ ಒಂದು ಪ್ಲಾಸ್ಟಿಕ್ ಪದರವೇ. ಬಿಸಿ ಕುಕ್ಕರ್ ಇಟ್ಟರೆ ಬೆಳ್ಳಗೆ ಮಂಜು ಕಟ್ಟಿದ ಹಾಗೆ ಆಗುತ್ತದೆ, ಜಾಸ್ತಿ ಬಿಸಿಗೆ ಗುಳ್ಳೆ ಏಳುತ್ತದೆ. ಸುಟ್ಟ ಮೇಲೆ ಆ ಜಾಗ ಮಾತ್ರ ಸರಿ ಮಾಡುವುದು ಕಷ್ಟ, ಪೂರ್ತಿ ಕೆರೆದು ಮತ್ತೆ ಹೊಡೆಯಬೇಕು. ಎಣ್ಣೆ, ಮೇಣದ ಕಟ್ಟೆ ಬೇಗ ಕಲೆ ಆಗುತ್ತದೆ, ಅಷ್ಟೇ ಬೇಗ ಸರಿಯೂ ಆಗುತ್ತದೆ. ನನ್ನ ಓಟು ಎಣ್ಣೆಗೆ.

ಸೈಟ್‌ಇಂಜಿನಿಯರ್:

ಹುಬ್ಬಳ್ಳಿಯಿಂದ ನಮಸ್ಕಾರ ರೀ. ಕೀಸುಳಿಯವರು ಹೇಳಿದ್ದು ಭಾಳ ಸರಿ. ಅದಕ್ಕೆ ಕಾರಣ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗ್ರಾನೈಟ್ ಬಿಸಿಯನ್ನು ಮರಕ್ಕಿಂತ ಸುಮಾರು 15-20 ಪಟ್ಟು ಚೆನ್ನಾಗಿ ಹರಿಸುತ್ತದೆ. ಕಾವಲಿ ಇಟ್ಟ ಕೂಡಲೇ ಬಿಸಿಯನ್ನು ಎಳೆದುಕೊಂಡು ಸುತ್ತ ಹಂಚಿಬಿಡುತ್ತದೆ. ಮರ ಹಂಚುವುದಿಲ್ಲ. ಬಿಸಿ ಎಲ್ಲೂ ಹೋಗದೆ ಕಾವಲಿಯ ಕೆಳಗೇ ನಿಲ್ಲುತ್ತದೆ, ಮೇಲಿನ ಒಂದೆರಡು ಮಿಲಿಮೀಟರ್ ಮರ ಹೆಚ್ಚುಕಡಿಮೆ ಕಾವಲಿಯಷ್ಟೇ ಕಾಯುತ್ತದೆ. ಅದೇ ಸಮಯಕ್ಕೆ ಹಲಗೆಯ ಅಡಿಭಾಗ ಮುಟ್ಟಿ ನೋಡಿ, ತಣ್ಣಗೇ ಇರುತ್ತದೆ. ಸೌಟಿಗೆ ಮರದ ಹಿಡಿ ಹಾಕುವುದು ಇದೇ ಗುಣಕ್ಕೆ. ಹಿಡಿಯಲ್ಲಿ ವರ ಆಗಿದ್ದು ಕಟ್ಟೆಯಲ್ಲಿ ಶಾಪ.

ಇನ್ನೊಂದು ಮಾತು. ಪಾತ್ರೆ ಎಷ್ಟು ಬಿಸಿ ಎಂದು ತಿಳಿಯಲು ಒಳಗೆ ಏನಿದೆ ನೋಡಿ. ಸಾರು, ಅನ್ನ, ಹಾಲು ಇದ್ದರೆ ಒಳಗಿರುವುದು ನೀರೇ, 100 ಡಿಗ್ರಿ ದಾಟುವುದಿಲ್ಲ. ಕುಕ್ಕರ್ ಆದರೆ ಒಳಗೆ ಒತ್ತಡ ಇರುವುದರಿಂದ ಸುಮಾರು 120. ಬಾಣಲೆಯಲ್ಲಿ ಕರಿಯುವ ಎಣ್ಣೆ ಇದ್ದರೆ 170-190. ಒಳಗೆ ಏನೂ ಇಲ್ಲದ ಕಬ್ಬಿಣದ ಕಾವಲಿ 250 ದಾಟಿದರೂ ಆಶ್ಚರ್ಯ ಇಲ್ಲ. ಮರ 200 ಡಿಗ್ರಿ ಆಸುಪಾಸಿನಲ್ಲಿ ಕಂದು ತಿರುಗಲು ಶುರು ಮಾಡುತ್ತದೆ, 250-300ರ ಹೊತ್ತಿಗೆ ಇದ್ದಿಲಾಗುತ್ತದೆ. ಹಾಗಾಗಿ ಸಾರಿನ ಪಾತ್ರೆ ಮೇಲಿನ ಎಣ್ಣೆ, ಮೇಣವನ್ನು ಕೆಡಿಸುತ್ತದೆ, ಕಾವಲಿ ಮರವನ್ನೇ ಕೆಡಿಸುತ್ತದೆ. ಮನೆಯವರು ದೊಡ್ಡ ಪಾತ್ರೆಗೆ ಹೆದರುತ್ತಾರೆ. ಹೆದರಬೇಕಾದ್ದು ಖಾಲಿ ಕಾವಲಿಗೆ ಮತ್ತು ಒಗ್ಗರಣೆ ಸೌಟಿಗೆ.

ಸಾಸಿವೆಡಬ್ಬಿ:

ಒಗ್ಗರಣೆ ಸೌಟಿನ ವಿಷಯ ಬಂತಲ್ಲ, ಅಬ್ಬಾ, ಅದೇ ದೊಡ್ಡ ಕಳ್ಳ! ಸಾರಿಗೆ ಚುಂಯ್ ಎನ್ನಿಸಿದ ಮೇಲೆ ಸೌಟು ಎಲ್ಲಿ ಹೋಯಿತು ಎಂದು ಯಾರಿಗೂ ನೆನಪಿರುವುದಿಲ್ಲ. ಸೀದಾ ಕಟ್ಟೆ ಮೇಲೆ. ನಮ್ಮ ಮೈಸೂರಿನ ಮನೆಯಲ್ಲಿ ಊಟದ ಮೇಜು ಮರದ್ದು. ಅದರ ಮೇಲೆ ಎಂಟಾಣೆ ಅಗಲದ ಮೂರು ಕಲೆ ಇದೆ. ಮೂರೂ ನನ್ನವೇ.

ನಾನು ಕಲಿತದ್ದು ಹೇಳುತ್ತೇನೆ. ಒದ್ದೆ ಬಟ್ಟೆ ಮಡಿಸಿ ಅದರ ಮೇಲೆ ಬಿಸಿ ಪಾತ್ರೆ ಇಡಬೇಡಿ. ಒದ್ದೆ ಇದ್ದರೆ ತಂಪು ಎಂದುಕೊಳ್ಳುತ್ತೇವೆ. ಆಗುವುದು ಉಲ್ಟಾ. ಬಟ್ಟೆಯ ನೀರು ಹಬೆಯಾಗಿ ಪಾಲಿಶ್ ಒಳಗೆ ಹೋಗಿ ಬಿಳಿ ಉಂಗುರ ಕೂರುತ್ತದೆ. ಒಣ ಮಸಿಬಟ್ಟೆ ನಾಲ್ಕು ಮಡಿಕೆ ಇದ್ದರೆ ಸಾರಿನ ಪಾತ್ರೆಗೆ ಸಾಕು, ಕಾವಲಿಗೆ ಸಾಲದು, ಬಟ್ಟೆಯೇ ಸೀದು ವಾಸನೆ ಬರುತ್ತದೆ. ಉಲ್ಲನ್ನಿನಲ್ಲಿ ಹೆಣೆದ ಬಣ್ಣಬಣ್ಣದ ಚಕ್ರಗಳಿವೆಯಲ್ಲ, ನಮ್ಮ ನಾದಿನಿ ಪ್ರೀತಿಯಿಂದ ಅರ್ಧ ಡಜನ್ ಕೊಟ್ಟಿದ್ದಳು. ಅದು ನಿಜವಾದ ಉಣ್ಣೆ ಅಲ್ಲ, ಅಕ್ರಿಲಿಕ್. ಬಾಣಲೆ ಇಟ್ಟೆ, ಕರಗಿ ಬಾಣಲೆಗೂ ಮೇಜಿಗೂ ಅಂಟಿಕೊಂಡಿತು. ಈ ವಿಷಯ ಅವಳಿಗೆ ಇನ್ನೂ ಹೇಳಿಲ್ಲ.

ನಮ್ಮ ಅಜ್ಜಿ ಮಡಕೆ ಇಡಲು ಸಿಂಬೆ ಬಳಸುತ್ತಿದ್ದರು. ಈಗಲೂ ಬೆತ್ತದ ಸಿಂಬೆ ಸಂತೆಯಲ್ಲಿ ಸಿಗುತ್ತದೆ. ಸಾರು, ಪಲ್ಯ, ಕುಕ್ಕರ್‌ಗೆ ಅದಕ್ಕಿಂತ ಒಳ್ಳೆಯದು ಬೇಡ. ಕಾವಲಿಗೆ ಮಾತ್ರ ಕಾಲಿರುವ ಕಬ್ಬಿಣದ ಸ್ಟ್ಯಾಂಡೇ ಆಗಬೇಕು.

ಸೈಟ್‌ಇಂಜಿನಿಯರ್:

ಅಕ್ಕ, ಕಾಲಿರುವ ಸ್ಟ್ಯಾಂಡ್ ಎಂದಿರಲ್ಲ, ಗುಟ್ಟು ಆ ಕಾಲಲ್ಲೇ ಇದೆ. ಬಿಸಿ ತಡೆಯುವುದು ಕಬ್ಬಿಣ ಅಲ್ಲ, ನಡುವಿನ ಗಾಳಿ. ಬೆರಳು ತೂರುವಷ್ಟು ಸಂದು ಇರಬೇಕು. ಚಪ್ಪಟೆ ಸ್ಟೀಲ್ ತಟ್ಟೆ ಮಗುಚಿ ಅದರ ಮೇಲೆ ಕಾವಲಿ ಇಟ್ಟರೆ ಅಂಚು ಕೂತ ಕಡೆ ಬಿಸಿ ಇಳಿದೇ ಇಳಿಯುತ್ತದೆ.

ಓಕ್‌ಮನೆ:

ಸ್ವೀಡನ್‌ನಿಂದ ಬರೆಯುತ್ತಿದ್ದೇನೆ. ಇಲ್ಲಿ ನಮ್ಮದು ಬಾಡಿಗೆ ಮನೆ, ಅಡುಗೆ ಕಟ್ಟೆ ಓಕ್ ಮರದ್ದು. ಹಲಸಿನಕಟ್ಟೆಯವರೇ, ನಿಮ್ಮ ಎರಡನೇ ಉಂಗುರದ ಬಗ್ಗೆ ಒಂದು ಅನುಮಾನ. ಅದು ಸಿಂಕ್ ಪಕ್ಕ ಇದೆ ಎಂದಿರಿ. ಸಿಂಕ್ ಪಕ್ಕ ಯಾರು ಬಿಸಿ ಕಾವಲಿ ಇಡುತ್ತಾರೆ? ಅಲ್ಲಿ ಇಡುವುದು ತೊಳೆದ ಕಾವಲಿ, ಅಲ್ವಾ?

ನನಗೆ ಹೀಗೇ ಆಗಿತ್ತು. ಊರಿಂದ ತಂದ ದೋಸೆ ಕಾವಲಿ ತೊಳೆದು ರಾತ್ರಿ ಓಕ್ ಮೇಲೆ ಬೋರಲು ಹಾಕಿ ಮಲಗಿದೆ. ಬೆಳಿಗ್ಗೆ ಇದ್ದಿಲಿನಂಥ ಕಪ್ಪು ಚಕ್ರ. ಡಿಪಾಸಿಟ್ ಹೋಯಿತು ಎಂದು ಅಳುವುದೊಂದು ಬಾಕಿ. ಆಮೇಲೆ ತಿಳಿಯಿತು, ಅದು ಸುಟ್ಟದ್ದೇ ಅಲ್ಲ. ಓಕ್‌ನಲ್ಲಿ ಟ್ಯಾನಿನ್ ಎಂಬ ಒಗರು ಅಂಶ ಇದೆ. ಕಬ್ಬಿಣ, ನೀರು, ಟ್ಯಾನಿನ್ ಮೂರೂ ಸೇರಿದರೆ ಕಪ್ಪು ಶಾಯಿ. ಹಿಂದೆ ಯುರೋಪಿನಲ್ಲಿ ಬರೆಯುವ ಶಾಯಿ ಮಾಡುತ್ತಿದ್ದುದೇ ಓಕ್ ಮರದ ಕಾಯಿಯಂಥ ಗಂಟು ಮತ್ತು ಕಬ್ಬಿಣದ ಲವಣದಿಂದ.

ಹಲಸಿಗೂ ಹೀಗೆ ಆಗುತ್ತದಾ ಎಂದು ಮರ ಗೊತ್ತಿದ್ದವರು ಹೇಳಬೇಕು. ಪರೀಕ್ಷೆ ಸುಲಭ. ಕಲೆಯ ಮೇಲೆ ಬೆರಳು ಉಜ್ಜಿ. ಸುಟ್ಟದ್ದಾದರೆ ಬೆರಳಿಗೆ ಮಸಿ ಹತ್ತುತ್ತದೆ, ಮೇಲ್ಮೈ ಸ್ವಲ್ಪ ತಗ್ಗಿರುತ್ತದೆ. ಕಬ್ಬಿಣದ ಕಲೆಯಾದರೆ ಮರ ನುಣ್ಣಗೇ ಇರುತ್ತದೆ. ಒಂದು ಮೂಲೆಗೆ ನಿಂಬೆರಸ ಹಾಕಿ ಕಾಯಿರಿ. ಕಬ್ಬಿಣದ್ದಾದರೆ ತಿಳಿಯಾಗುತ್ತದೆ.

ಕೀಸುಳಿ:

ಅಕ್ಕ ಹೇಳಿದ್ದು ನೂರಕ್ಕೆ ನೂರು. ಹಲಸಿಗೂ ಆಗುತ್ತದೆ. ಹಲಸಿನ ಚಕ್ಕೆ ಕುದಿಸಿದರೆ ಹಳದಿ ಬಣ್ಣ ಬಿಡುತ್ತದೆ, ಬೌದ್ಧ ಭಿಕ್ಷುಗಳ ಬಟ್ಟೆಗೆ ಆ ಬಣ್ಣ ಹಾಕುತ್ತಿದ್ದರು. ಆ ಬಣ್ಣಕ್ಕೆ ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ. ನಾವು ಹಲಸಿಗೆ ಕಬ್ಬಿಣದ ಮೊಳೆ ಹೊಡೆದರೆ ಮಳೆಗಾಲ ಮುಗಿಯುವುದರೊಳಗೆ ಮೊಳೆ ಸುತ್ತ ಕಪ್ಪು ಕಣ್ಣು ಮೂಡುತ್ತದೆ.

ಹಲಸಿನಕಟ್ಟೆ:

ಓಕ್‌ಮನೆ ಅಕ್ಕ, ನಿಮಗೆ ಒಂದು ಹೋಳಿಗೆ ಸಾಲ! ಸಿಂಕ್ ಪಕ್ಕದ ಉಂಗುರಕ್ಕೆ ನಿಂಬೆ ಹಿಂಡಿದೆ. ಹತ್ತು ನಿಮಿಷದಲ್ಲಿ ಅರ್ಧ ಮಾಸಿತು. ಸುಟ್ಟದ್ದೇ ಅಲ್ಲ. ಇಷ್ಟು ದಿನ ಅತ್ತಿಗೆಯ ಮೇಲೆ ಸುಮ್ನೆ ಅನುಮಾನ ಪಟ್ಟೆವು. ರಾತ್ರಿ ಕಾವಲಿ ತೊಳೆದಿಡುವವನು ನಾನೇ.

ಒಲೆ ಪಕ್ಕದ್ದು ಮಾತ್ರ ನಿಜವಾಗಿ ಸುಟ್ಟಿದೆ. ಬೆರಳಿಗೆ ಮಸಿ ಬಂತು. ದಬ್ಬಣದಿಂದ ಕೆರೆದು ನೋಡಿದೆ, ಆಳ ಒಂದು ಮಿಲಿಮೀಟರ್ ಇರಬಹುದು. ತೆಗೆಯುವುದು ಹೇಗೆ?

ಕೀಸುಳಿ:

ಒಂದು ಮಿಲಿಮೀಟರ್ ಎಂದರೆ ಏನೂ ಅಲ್ಲ. ನಿಮ್ಮ ಹತ್ತಿರ 40 ಇದೆ. ಇದೇ ಗಟ್ಟಿ ಮರದ ಲಾಭ. ಪ್ಲೈವುಡ್ ಮೇಲೆ ತೆಳು ಮರದ ಹಾಳೆ ಅಂಟಿಸಿದ ಕಟ್ಟೆಯಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಮೊದಲು ಇದ್ದಿಲನ್ನು ಕೆರೆದು ತೆಗೆಯಿರಿ. ನಮ್ಮಪ್ಪ ಗಾಜಿನ ಚೂರಿನ ಅಂಚಿನಲ್ಲಿ ಕೆರೆಯುತ್ತಿದ್ದರು, ಮರ ಹೆರೆಯುವ ರಂದಕ್ಕಿಂತ ನಯವಾಗಿ ಬರುತ್ತಿತ್ತು. ನೀವು ಅದು ಮಾಡಬೇಡಿ, ಕೈ ಕುಯ್ದುಕೊಳ್ಳುತ್ತೀರಿ. ಸ್ಟೀಲ್ ಕೆರೆಯುವ ತಗಡು ಅಂಗಡಿಯಲ್ಲಿ ಸಿಗುತ್ತದೆ. ಆಮೇಲೆ 80 ನಂಬರ್ ಉಪ್ಪು ಕಾಗದ, ಅದರ ಮೇಲೆ 120, 180, ಕೊನೆಗೆ 220. ಮರದ ಎಳೆ ಹೋದ ದಿಕ್ಕಿಗೇ ಉಜ್ಜಬೇಕು. ಕಲೆ ಇರುವ ಜಾಗವನ್ನು ಮಾತ್ರ ಉಜ್ಜಿದರೆ ಅಲ್ಲಿ ಗುಂಡಿಯಾಗಿ ನೀರು ನಿಲ್ಲುತ್ತದೆ. ಕಲೆ ಅಂಗೈ ಅಗಲ ಇದ್ದರೆ ಎರಡು ಮೊಳ ಸುತ್ತಳತೆಗೆ ನಿಧಾನವಾಗಿ ಹರಡಿ ಉಜ್ಜಿ.

ಉಜ್ಜಿದ ಕಡೆ ಮರ ಅರಿಶಿನದ ಹಾಗೆ ಹಳದಿ ಕಾಣುತ್ತದೆ, ಉಳಿದದ್ದು ಕಂದು. ಹೆದರಬೇಡಿ. ಹಲಸು ಬೆಳಕಿಗೆ ಕಪ್ಪಾಗುತ್ತಾ ಬರುತ್ತದೆ, ಕೆಲವು ತಿಂಗಳಲ್ಲಿ ಒಂದೇ ಬಣ್ಣ ಆಗುತ್ತದೆ.

ಸಿಂಕ್ ಪಕ್ಕದ ಕಲೆ ನಿಂಬೆಗೆ ಪೂರ್ತಿ ಹೋಗದಿದ್ದರೆ ಆಕ್ಸಾಲಿಕ್ ಆಸಿಡ್ ಪುಡಿಯನ್ನು ನೀರಲ್ಲಿ ಕಲಸಿ ಹಚ್ಚುತ್ತಾರೆ. ಅದು ವಿಷ. ಕೈಗವಸು ಹಾಕಿ, ಮಕ್ಕಳನ್ನು ದೂರ ಇಡಿ, ಆಮೇಲೆ ಎರಡು ಮೂರು ಸಲ ನೀರಲ್ಲಿ ಒರೆಸಿ. ಒಣಗಿದ ಮೇಲೆ ಅದರ ಪುಡಿ ಮೂಗಿಗೆ ಹೋಗುವ ಹಾಗೆ ಉಜ್ಜಬೇಡಿ.

ಮೂರನೇಮಹಡಿ:

ನನ್ನನ್ನು ಎಲ್ಲರೂ ಬೈದಿದ್ದಾಯಿತು. ಈಗ ನಿಜವಾದ ಪ್ರಶ್ನೆ. ಬೆಂಕಿ ತಗುಲಿದರೆ ಉಬ್ಬಿ ನೊರೆಯಾಗಿ ಮರವನ್ನು ಕಾಯುವ ಪಾರದರ್ಶಕ ಲೇಪ ಇದೆಯಂತೆ. ನಮ್ಮ ಅಪಾರ್ಟ್‌ಮೆಂಟಿನ ಇಂಟೀರಿಯರ್ ಮಾಡಿದವರು ಹೇಳಿದರು. ಇಲ್ಲವೇ ಬೋರಾಕ್ಸ್, ಬೋರಿಕ್ ಆಸಿಡ್ ನೀರಲ್ಲಿ ನೆನೆಸಿದರೂ ಮರ ಹತ್ತಿ ಉರಿಯುವುದಿಲ್ಲವಂತೆ. ಇದನ್ನು ಯಾಕೆ ಯಾರೂ ಹೇಳುತ್ತಿಲ್ಲ?

ಸೈಟ್‌ಇಂಜಿನಿಯರ್:

ಎರಡೂ ಇವೆ ರೀ. ಎರಡೂ ಅಡುಗೆ ಕಟ್ಟೆಗೆ ಅಲ್ಲ.

ಉಬ್ಬುವ ಲೇಪ ಕೆಲಸ ಮಾಡುವುದು ಹೇಗೆ? ಸುಮಾರು 200 ಡಿಗ್ರಿ ಮುಟ್ಟಿದಾಗ ಹಪ್ಪಳದ ಹಾಗೆ ಉಬ್ಬಿ ದಪ್ಪ ನೊರೆಯಾಗುತ್ತದೆ. ಮನೆಗೆ ಬೆಂಕಿ ಬಿದ್ದಾಗ ತೊಲೆ, ಕಂಬ, ಗೋಡೆಯ ಹಲಗೆ ಸ್ವಲ್ಪ ಹೊತ್ತು ತಡೆಯಲಿ ಎಂದು ಅದು ಇರುವುದು. ಅದರ ಮೇಲೆ ಕಾವಲಿ ಇಟ್ಟರೆ ಅಲ್ಲೂ ಅದು ತನ್ನ ಕರ್ತವ್ಯ ಮಾಡುತ್ತದೆ! ಉಬ್ಬುತ್ತದೆ. ದಿನಾ ಒರೆಸುವ, ರೊಟ್ಟಿ ಬಡಿಯುವ ಜಾಗಕ್ಕೆ ಅದು ಸಲ್ಲ. ಬೋರಾಕ್ಸ್ ನೀರಲ್ಲಿ ಕರಗುವಂಥದ್ದು, ನಾಲ್ಕು ಸಲ ಒರೆಸಿದರೆ ಹೋಗುತ್ತದೆ. ಊಟದ ಜಾಗಕ್ಕೆ ಹಚ್ಚುವ ವಸ್ತುವೂ ಅಲ್ಲ.

ಬೆಂಕಿ ತಡೆಯುವ ಪ್ಲೈವುಡ್ ಬೇಕಾದರೆ ಅದಕ್ಕೆ ಐಎಸ್ 5509 ಎಂಬ ಗುರುತು ಇರುತ್ತದೆ. ಕಟ್ಟೆಯ ಕೆಳಗಿನ ಕಪಾಟಿಗೆ ಹಾಕಿಸಿ, ಒಳ್ಳೆಯದು. ಆದರೆ ಅದರ ಅರ್ಥ ಉರಿ ನಿಧಾನವಾಗಿ ಹಬ್ಬುತ್ತದೆ ಎಂದು. ಕಾವಲಿ ಕಲೆ ಬೀಳುವುದಿಲ್ಲ ಎಂದಲ್ಲ.

ಮತ್ತೆ ಒಂದು ಸಮಾಧಾನದ ಮಾತು. ದಪ್ಪ ಮರ ನಾವು ಅಂದುಕೊಂಡಷ್ಟು ಸುಲಭಕ್ಕೆ ಹತ್ತಿಕೊಳ್ಳುವುದಿಲ್ಲ. ದೊಡ್ಡ ಬೆಂಕಿಯಲ್ಲೂ ತೊಲೆ ನಿಮಿಷಕ್ಕೆ ಸುಮಾರು 0.65 ಮಿಲಿಮೀಟರ್ ಲೆಕ್ಕದಲ್ಲಿ ಇದ್ದಿಲಾಗುತ್ತಾ ಹೋಗುತ್ತದೆ ಎಂದು ನಾವು ಲೆಕ್ಕ ಹಾಕುತ್ತೇವೆ. ಆ ಇದ್ದಿಲೇ ಒಳಗಿನ ಮರಕ್ಕೆ ಹೊದಿಕೆ. ಅಡುಗೆಮನೆಯಲ್ಲಿ ಮೊದಲು ಹತ್ತಿಕೊಳ್ಳುವುದು ಕಟ್ಟೆ ಅಲ್ಲ. ಕಿಟಕಿ ಪರದೆ, ಡಬ್ಬಿ ಕೆಳಗೆ ಹಾಸಿದ ಪೇಪರ್, ಜಿಡ್ಡು ಕಟ್ಟಿದ ಚಿಮಣಿ ಜಾಲರಿ.

ಕಡಲಕರೆ:

ನಮ್ಮಲ್ಲಿ ಹಳೇ ಬಾಗಿಲು, ಕುರ್ಚಿಗೆಲ್ಲ ಅಗಸೆ ಎಣ್ಣೆ ಹಚ್ಚುತ್ತಾರೆ. ಪೇಂಟ್ ಅಂಗಡಿಯಲ್ಲಿ ಲಿನ್ಸೀಡ್ ಎಂದು ಸಿಗುತ್ತದೆ. ಕೊಬ್ಬರಿ ಎಣ್ಣೆಗಿಂತ ಅದು ಒಳ್ಳೆಯದಲ್ಲವಾ? ಗಟ್ಟಿ ಪದರ ಕಟ್ಟುತ್ತದೆ.

ಕೀಸುಳಿ:

ಅಗಸೆ ಎಣ್ಣೆ ಒಳ್ಳೆಯದೇ. ಆದರೆ ಪೇಂಟ್ ಅಂಗಡಿಯ 'ಬಾಯಿಲ್ಡ್' ಎಣ್ಣೆಗೆ ಬೇಗ ಒಣಗಲಿ ಎಂದು ಲೋಹದ ಲವಣ ಸೇರಿಸಿರುತ್ತಾರೆ, ಊಟದ ಜಾಗಕ್ಕೆ ಅದು ಬೇಡ. ಅದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ಇದನ್ನು ಎಲ್ಲರೂ ಓದಿ.

ಏಳೆಂಟು ವರ್ಷದ ಹಿಂದೆ ಒಂದು ಮೇಜಿಗೆ ಅಗಸೆ ಎಣ್ಣೆ ಹಚ್ಚಿ ಮುಗಿಸಿದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಶೆಡ್ಡಿನ ಮೂಲೆಯಲ್ಲಿ ಹೊಟ್ಟಿನ ಗುಡ್ಡೆ ಪಕ್ಕ ಎಸೆದು ಮನೆಗೆ ಹೋದೆ. ಬೀಗ ಹಾಕುವಾಗ ಒಂದು ಕಿಡಿ ಇಲ್ಲ, ಕರೆಂಟ್ ಮೇನ್ ಆಫ್, ನಾನು ಬೀಡಿ ಸೇದುವವನೂ ಅಲ್ಲ. ರಾತ್ರಿ ಹನ್ನೊಂದಕ್ಕೆ ಪಕ್ಕದ ಮನೆಯವರ ಫೋನು, ನಿಮ್ಮ ಶೆಡ್ಡಿನಿಂದ ಹೊಗೆ ಬರುತ್ತಿದೆ ಎಂದು. ಹೋಗಿ ನೋಡಿದರೆ ಆ ಬಟ್ಟೆ ಮುದ್ದೆಯ ನಡುವೆ ಕೆಂಡ. ಹೊಟ್ಟು ಹತ್ತಿಕೊಂಡಿತ್ತು. ಎರಡು ಬಾಗಿಲು, ಒಂದು ಕಪಾಟು ಹೋಯಿತು. ದೇವರ ದಯೆ, ಶೆಡ್ ಉಳಿಯಿತು.

ಅಗಸೆ ಎಣ್ಣೆ ನೀರಿನ ಹಾಗೆ ಆರಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುತ್ತದೆ. ಆಗ ಬಿಸಿ ಹುಟ್ಟುತ್ತದೆ. ಮೇಜಿನ ಮೇಲೆ ತೆಳ್ಳಗೆ ಇದ್ದರೆ ಆ ಬಿಸಿ ಗಾಳಿಗೆ ಹೋಗುತ್ತದೆ. ಬಟ್ಟೆ ಮುದ್ದೆಯಲ್ಲಿ ಹೋಗಲು ದಾರಿ ಇಲ್ಲ. ಏರುತ್ತಾ ಏರುತ್ತಾ ತಾನೇ ಹತ್ತಿಕೊಳ್ಳುತ್ತದೆ. ಟಂಗ್ ಎಣ್ಣೆಗೂ ಇದೇ ಗುಣ. ಬಟ್ಟೆಯನ್ನು ಹೊರಗೆ ಒಂದೊಂದಾಗಿ ಬಿಡಿಸಿ ಹರವಿ ಒಣಗಿಸಿ. ಆಗದಿದ್ದರೆ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿ. ಕಸದ ಬುಟ್ಟಿಗೆ ಮುದ್ದೆ ಮಾಡಿ ಹಾಕಬೇಡಿ.

ಕಟ್ಟೆಯನ್ನು ಬೆಂಕಿಯಿಂದ ಕಾಯಲು ಎಣ್ಣೆ ಹಚ್ಚಲು ಹೋಗಿ ಮನೆಗೇ ಬೆಂಕಿ ಹಾಕಿಕೊಂಡ ಹಾಗಾಗಬಾರದು.

ನಾನು ಈಗ ಅಡುಗೆ ಕಟ್ಟೆಗೆ ಬಳಸುವುದು ಮೆಡಿಕಲ್ ಶಾಪಿನಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್. ಹೊಟ್ಟೆ ಕಟ್ಟಿದವರಿಗೆ ಕೊಡುತ್ತಾರಲ್ಲ, ಅದೇ. ಬಣ್ಣ ಇಲ್ಲ, ವಾಸನೆ ಇಲ್ಲ, ಕಮಟುವುದಿಲ್ಲ. ಅದು ಗಟ್ಟಿಯಾಗುವ ಎಣ್ಣೆ ಅಲ್ಲದ್ದರಿಂದ ಬಟ್ಟೆ ಕಾಯುವ ಭಯವೂ ಇಲ್ಲ. ನಾಲ್ಕು ಪಾಲು ಪ್ಯಾರಾಫಿನ್‌ಗೆ ಒಂದು ಪಾಲು ಜೇನುಮೇಣ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ನೇರ ಉರಿ ಮೇಲೆ ಇಡಬೇಡಿ. ಹಲಗೆಯ ಅಡಿಗೂ ಹಚ್ಚಿ. ಮೇಲೆ ಮಾತ್ರ ಹಚ್ಚಿದರೆ ಒಲೆ ಬಿಸಿಗೆ ಒಂದು ಕಡೆ ಒಣಗಿ, ಇನ್ನೊಂದು ಕಡೆ ಥಂಡಿ ಎಳೆದು ಹಲಗೆ ದೋಣಿಯಾಗುತ್ತದೆ.

ಓಕ್‌ಮನೆ:

ಬಟ್ಟೆಯ ವಿಷಯ ಓದಿ ಮೈ ಜುಮ್ಮೆಂದಿತು. ಇಲ್ಲಿ ಎಣ್ಣೆಯ ಡಬ್ಬಿ ಮೇಲೇ ಈ ಎಚ್ಚರಿಕೆ ಬರೆದಿರುತ್ತದೆ. ಸಣ್ಣ ಅಕ್ಷರ ಎಂದು ನಾನು ಓದಿಯೇ ಇರಲಿಲ್ಲ.

ಹಲಸಿನಕಟ್ಟೆ:

ಸರಿ, ಲೇಪದ ಆಸೆ ಬಿಟ್ಟೆ. ಈಗ ಒಲೆಯ ಕೆಳಗೆ ಏನು ಮಾಡಲಿ? ನಮ್ಮದು ಎರಡು ಬರ್ನರಿನ ಸಾದಾ ಗ್ಯಾಸ್ ಒಲೆ, ಮರದ ಮೇಲೇ ಕೂತಿದೆ. ಆಚಾರಿಗಳು ಒಲೆ ಕೆಳಗೂ ಹಿಂದಿನ ಮರದ ಪಟ್ಟಿಗೂ ಸ್ಟೀಲ್ ತಗಡು ಹೊಡೆದುಕೊಡುತ್ತೇನೆ ಎಂದಿದ್ದಾರೆ. ಸಿಲಿಂಡರ್ ಕಟ್ಟೆ ಕೆಳಗಿನ ಕಪಾಟಿನಲ್ಲಿದೆ.

ಸೈಟ್‌ಇಂಜಿನಿಯರ್:

ತಗಡನ್ನು ಮರಕ್ಕೆ ಅಂಟಿಸಿ ಹೊಡೆಸಬೇಡಿ. ಎಲ್ಲರೂ ಮಾಡುವ ತಪ್ಪು ಇದು. ನೋಡಲು ಭದ್ರ ಕಾಣುತ್ತದೆ, ಆದರೆ ಲೋಹ ಬಿಸಿಯನ್ನು ತೆಗೆದುಕೊಂಡು ಸೀದಾ ಹಿಂದಿನ ಮರಕ್ಕೆ ದಾಟಿಸುತ್ತದೆ. ಒಳಗೆ ಮರ ಕಪ್ಪಾಗುತ್ತಿದ್ದರೂ ನಿಮಗೆ ಕಾಣುವುದೇ ಇಲ್ಲ. ತಗಡು ಹಾಕುವುದಾದರೆ ನಡುವೆ ಒಂದು ಇಂಚು ಸಂದು ಬಿಟ್ಟು, ಮೇಲೆ ಕೆಳಗೆ ಗಾಳಿ ಆಡುವ ಹಾಗೆ ಹಾಕಿ. ಇಲ್ಲವೇ ಆ ಮರದ ಪಟ್ಟಿ ತೆಗೆದು ಟೈಲ್ ಹಾಕಿ ಬಿಡಿ.

ಒಲೆ ಕೆಳಗೆ ಕಲ್ಲು ಬರಲಿ. ಗ್ರಾನೈಟ್ ಆಗಲಿ, ಕಡಪ ಆಗಲಿ. ಒಲೆಯಷ್ಟೇ ಅಲ್ಲ, ಬಲಗಡೆಗೆ ಇನ್ನೂ ಒಂದೂವರೆ ಅಡಿ. ಯಾಕೆ ಎಂದರೆ ಬಿಸಿ ಕಾವಲಿ ಹಿಡಿದ ಕೈ ದೂರ ಹೋಗುವುದಿಲ್ಲ, ಒಲೆ ಪಕ್ಕದಲ್ಲೇ ಇಳಿಸುತ್ತದೆ. ಮನೆಯವರಿಗೆ ಬುದ್ಧಿ ಹೇಳಿ ಸುಸ್ತಾಗುವ ಬದಲು ಕೈ ಇಳಿಯುವ ಜಾಗಕ್ಕೆ ಕಲ್ಲು ಹಾಕಿ. ಹಬ್ಬಕ್ಕೆ ದೊಡ್ಡ ಪಾತ್ರೆ ಇಡುತ್ತೀರಿ ಅಲ್ವಾ? ಪಾತ್ರೆಯ ತಳ ಒಲೆಗಿಂತ ಅಗಲ ಇದ್ದರೆ ಉರಿಯ ಬಿಸಿ ಮೇಲೆ ಹೋಗದೆ ಕೆಳಗೆ, ಪಕ್ಕಕ್ಕೆ ಮಗುಚುತ್ತದೆ. ಒಲೆಯ ಗುಬುಟೇ ಕರಗಿದ್ದನ್ನು ನೋಡಿದ್ದೇನೆ. ಅಂಥ ಅಡುಗೆ ಹೊರಗಿನ ಒಲೆಗೆ ಹೋಗಲಿ.

ಸಿಲಿಂಡರ್ ಕಪಾಟಿನ ವಿಷಯ ಇದಕ್ಕಿಂತ ಮುಖ್ಯ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ಕಪಾಟಿನ ತಳದಲ್ಲಿ ಕೂರುತ್ತದೆ. ಬಾಗಿಲಿಗೆ ಮೇಲೆ ಮಾತ್ರ ಜಾಲರಿ ಇಟ್ಟರೆ ಪ್ರಯೋಜನ ಇಲ್ಲ, ನೆಲದ ಮಟ್ಟಕ್ಕೂ ಇರಬೇಕು. ಪೈಪ್ ಹಾಯಿಸಲು ಮರದಲ್ಲಿ ತೂತು ಕೊರೆದಿರುತ್ತೀರಿ. ಅದರ ಅಂಚು ಹರಿತ ಇದ್ದರೆ ಪೈಪ್ ಸವೆಯುತ್ತದೆ, ಉಜ್ಜಿ ಗುಂಡಗೆ ಮಾಡಿ. ಸುರಕ್ಷಾ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು, ಅದರ ಮೇಲೇ ವರ್ಷ ಅಚ್ಚಾಗಿರುತ್ತದೆ. ಇವತ್ತೇ ಬಗ್ಗಿ ನೋಡಿ. ವಾಸನೆ ಬಂದರೆ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಆರಿಸಿ, ಬಾಗಿಲು ತೆರೆದು ಹೊರಗೆ ಹೋಗಿ ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿ.

ಕೀಸುಳಿ:

ಕಲ್ಲು ಕೂರಿಸುವಾಗ ಒಂದು ಎಚ್ಚರ. ಮರದಲ್ಲಿ ಕಲ್ಲಿನಷ್ಟೇ ಅಳತೆಗೆ ಬಿಗಿಯಾಗಿ ಕೊರೆದು ಕೂರಿಸಿದರೆ ನಿಮ್ಮ ಸಾಗರದ ಮಳೆಗಾಲ ಬಿಡುವುದಿಲ್ಲ. ಮರ ಅಗಲಕ್ಕೆ ಉಬ್ಬುತ್ತದೆ, ಕಲ್ಲು ಉಬ್ಬುವುದಿಲ್ಲ. ಎರಡು ಅಡಿ ಅಗಲದ ಹಲಗೆ ಬೇಸಿಗೆಗೂ ಮಳೆಗಾಲಕ್ಕೂ ಕೆಲವು ಮಿಲಿಮೀಟರ್ ಆಚೆ ಈಚೆ ಆಗುತ್ತದೆ. ಸುತ್ತ ಮೂರು ನಾಲ್ಕು ಮಿಲಿಮೀಟರ್ ಸಂದು ಬಿಟ್ಟು ಸಿಲಿಕೋನ್ ತುಂಬಿಸಿ. ಸಿಮೆಂಟ್ ಬೇಡ.

ಸಾಸಿವೆಡಬ್ಬಿ:

ನಡುವೆ ಬಾಯಿ ಹಾಕುತ್ತಿದ್ದೇನೆ. ಬೆಂಕಿ ಎಂದಾಗ ಎಣ್ಣೆಯ ಬಾಣಲೆ ಬಗ್ಗೆ ಯಾರೂ ಹೇಳಲಿಲ್ಲ. ಬಾಣಲೆಯ ಎಣ್ಣೆ ಹತ್ತಿಕೊಂಡರೆ ನೀರು ಹಾಕಬೇಡಿ. ನೀರು ಎಣ್ಣೆಯ ತಳಕ್ಕೆ ಹೋಗಿ ಒಮ್ಮೆಲೇ ಹಬೆಯಾಗಿ, ಉರಿಯುವ ಎಣ್ಣೆಯನ್ನು ಮನೆ ತುಂಬ ಎರಚುತ್ತದೆ. ಬಾಣಲೆ ಎತ್ತಿಕೊಂಡು ಹೊರಗೆ ಓಡುವುದೂ ಬೇಡ. ಗ್ಯಾಸ್ ಆರಿಸಿ, ಅಗಲದ ತಟ್ಟೆ ಮುಚ್ಚಿ, ತಣ್ಣಗಾಗುವವರೆಗೆ ತೆಗೆಯಬೇಡಿ. ನಾನು ಕರಿಯಲು ಕೂತರೆ ಪಕ್ಕದಲ್ಲಿ ಒಂದು ಸ್ಟೀಲ್ ಹರಿವಾಣ ಇಟ್ಟುಕೊಂಡೇ ಕೂರುವುದು. ನಮ್ಮನೆಯಲ್ಲಿ ಅದಕ್ಕೆ 'ಫೈರ್ ಇಂಜಿನ್' ಎಂದೇ ಹೆಸರು.

ಕಡಲಕರೆ:

ಓಟಿಜಿ (ಕರೆಂಟಿನ ಓವನ್), ಇಂಡಕ್ಷನ್ ಒಲೆ ಮರದ ಮೇಲೆ ಇಡಬಹುದಾ?

ಸೈಟ್‌ಇಂಜಿನಿಯರ್:

ಇಂಡಕ್ಷನ್ ಅಡ್ಡಿಯಿಲ್ಲ. ಕೆಳಗಿನ ಫ್ಯಾನಿಗೆ ಗಾಳಿ ಬೇಕು, ಅದರಡಿ ಬಟ್ಟೆ ಹಾಸಬೇಡಿ. ಓಟಿಜಿ ಕೆಳಗೆ ಒಂದು ಕಲ್ಲಿನ ತುಂಡು ಇಡಿ, ಹಿಂದೆ ಪಕ್ಕ ಒಂದು ಗೇಣು ಬಿಡಿ. ಜೊತೆಗೆ ಬಂದ ಪುಸ್ತಕದಲ್ಲಿ ಇನ್ನೂ ಜಾಸ್ತಿ ಬರೆದಿದ್ದರೆ ಅದನ್ನೇ ಕೇಳಿ.

ಹಲಸಿನಕಟ್ಟೆ:

ಐದು ವಾರ ಆಯಿತು. ಆದದ್ದನ್ನು ಹೇಳದೆ ಹೋದರೆ ತಪ್ಪಾಗುತ್ತದೆ.

ಸುಟ್ಟ ಕಲೆ ಹೋಯಿತು. ಕೀಸುಳಿ ಅಣ್ಣ ಹೇಳಿದ ಹಾಗೆ 80ರಿಂದ 220ರವರೆಗೆ ಒಂದು ಭಾನುವಾರ ಪೂರ್ತಿ ಉಜ್ಜಿದೆ. ಈಗ ಅಲ್ಲಿ ಹಳದಿ ಮೋಡ ಬಿದ್ದ ಹಾಗಿದೆ, ಕಾಯುತ್ತೇನೆ. ಸಿಂಕ್ ಪಕ್ಕದ್ದು ನಿಂಬೆಗೇ ಮುಕ್ಕಾಲು ಹೋಯಿತು, ಉಳಿದದ್ದು ಇರಲಿ ಎಂದು ಬಿಟ್ಟೆ. ಒಲೆಯ ಕೆಳಗೂ ಬಲಕ್ಕೂ ಸೇರಿ ನಾಲ್ಕು ಅಡಿ ಕಡಪ ಕಲ್ಲು ಬಂತು. ಹಳೇ ಅಡುಗೆಮನೆಯಿಂದ ಕಿತ್ತು ಹಿತ್ತಲಲ್ಲಿ ಬಟ್ಟೆ ಒಗೆಯಲು ಹಾಕಿದ್ದ ಕಲ್ಲೇ ಅದು. ಹೆಂಡತಿಗೆ ಕಲ್ಲು ಸಿಕ್ಕಿತು, ಅಪ್ಪನಿಗೆ ಮೂರು ಅಡಿ ಹಲಸು ಉಳಿಯಿತು. ಮೊನ್ನೆ ಅವರೇ ಪ್ಯಾರಾಫಿನ್ ಮೇಣ ಹಚ್ಚಿ ಒರೆಸುತ್ತಿದ್ದರು.

ಪೈಪ್ ಬಗ್ಗಿ ನೋಡಿದೆ. ಅವಧಿ ಮುಗಿದು ಎರಡು ವರ್ಷ ಆಗಿತ್ತು. ಅದೇ ದಿನ ಬದಲಿಸಿದೆ. ಕಪಾಟಿನ ಬಾಗಿಲಿಗೆ ಕೆಳಗೂ ತೂತು ಕೊರೆಸಿದೆ.

ಅಮ್ಮ ಕಾವಲಿಯನ್ನು ಕಲ್ಲಿನ ಮೇಲೇ ಇಳಿಸುತ್ತಾರೆ, ಯಾರೂ ಹೇಳಬೇಕಾಗಿಲ್ಲ. ಒಗ್ಗರಣೆ ಸೌಟು ಮಾತ್ರ ಹೇಗೋ ಮರದ ಮೇಲೆಯೇ ಬಂದು ಕೂರುತ್ತದೆ. ನಿನ್ನೆ ಎಂಟಾಣೆ ಅಗಲದ ಮೊದಲ ಕಲೆ ಬಿತ್ತು.

ಸಾಸಿವೆಡಬ್ಬಿ:

ಗೋಡೆಗೆ ಒಂದು ಕೊಕ್ಕೆ ಹೊಡೆಯಿರಿ, ಒಲೆಯ ಮೇಲೆ ಅಲ್ಲ, ಪಕ್ಕಕ್ಕೆ. ಸೌಟು ಅಲ್ಲಿ ನೇತಾಡಲಿ. ಕೆಳಗೆ ಎಣ್ಣೆ ತೊಟ್ಟಿಕ್ಕಲು ಒಂದು ಬಟ್ಟಲು. ಇದನ್ನು ನಾನೂ ಮೂರನೇ ಕಲೆ ಆದ ಮೇಲೆ ಮಾಡಿದ್ದು.